ಲಾರಿಯ ಫ್ಯೂಸ್ ಪದೇ ಪದೇ ಸುಡುತ್ತಿದ್ದರೆ: ಟೆಸ್ಟ್ ಲ್ಯಾಂಪೋ, ಮಲ್ಟಿಮೀಟರೋ, ಶಾರ್ಟ್ ಫೈಂಡರೋ?

ಮಲ್ಪೆ ಬಂದರಿನಿಂದ ಮೀನು ಸಾಗಿಸುವ ಲಾರಿಯ ಹಿಂಬದಿ ದೀಪಗಳ ಫ್ಯೂಸ್ ಹಾಕಿದಾಗಲೆಲ್ಲ ಸುಡುತ್ತಿದೆ, ಶಾರ್ಟ್ (ವೈರು ಲಾರಿಯ ಲೋಹದ ಚೌಕಟ್ಟಿಗೆ, ಅಂದರೆ ಚಾಸಿಗೆ, ತಾಗಿ ಕರೆಂಟು ಅಡ್ಡದಾರಿ ಹಿಡಿಯುವುದು) ಹುಡುಕಲು ಯಾವ ಸಾಧನ ಕೊಳ್ಳಲಿ ಎಂದು ಕೇಳಿದ್ದೀರಿ. ಯಾವುದನ್ನೇ ಆರಿಸಿ, ಹೆಚ್ಚು ಆಂಪಿಯರಿನ ಫ್ಯೂಸ್ ಮಾತ್ರ ಹಾಕಬೇಡಿ; ಫ್ಯೂಸಿನ ಬದಲು ವೈರೇ ಸುಟ್ಟು ಬೆಂಕಿ ಹತ್ತಿಕೊಂಡೀತು.

ಖರ್ಚಿನ ದೃಷ್ಟಿಯಿಂದ, 24 ವೋಲ್ಟ್, 21 ವ್ಯಾಟಿನ ಬಲ್ಬಿಗೆ ಎರಡು ಉದ್ದನೆಯ ವೈರು ಜೋಡಿಸಿದ ಟೆಸ್ಟ್ ಲ್ಯಾಂಪೇ ಅಗ್ಗ. ಹಿಂಬದಿ ಬಲ್ಬುಗಳನ್ನು ಕಳಚಿ, ಫ್ಯೂಸಿನ ಜಾಗದಲ್ಲಿ ಇದನ್ನು ಸೇರಿಸಿ ಲೈಟಿನ ಸ್ವಿಚ್ ಹಾಕಿದರೆ, ಶಾರ್ಟ್ ಇರುವವರೆಗೂ ಅದು ಪೂರ್ಣ ಪ್ರಕಾಶದಿಂದ ಉರಿಯುತ್ತದೆ, ಕರೆಂಟು ಸುಮಾರು ಒಂದು ಆಂಪಿಯರಿಗೆ ಸೀಮಿತವಾಗಿರುತ್ತದೆ; ಚಾಸಿಗೆ ಉಜ್ಜುತ್ತಿರುವ ವೈರಿಂಗನ್ನು ಅಲುಗಾಡಿಸಿದಾಗ ಬಲ್ಬು ಆರಿದರೆ ದೋಷ ಅಲ್ಲೇ ಇದೆ. ಕುಲುಕಾಟದಲ್ಲಿ ಬಂದುಹೋಗುವ ಶಾರ್ಟಿಗೆ ನನ್ನ ಒಲವು ಇದರತ್ತಲೇ.

ನಿಖರತೆಯಲ್ಲಿ, ವೋಲ್ಟೇಜ್ ಮತ್ತು ವೈರಿನ ರೋಧ (ಓಮ್‌ಗಳಲ್ಲಿ) ಅಳೆಯುವ ಮಲ್ಟಿಮೀಟರ್ ಮೇಲು. ಮಂಜುಗಡ್ಡೆಯ ಉಪ್ಪುನೀರು ಇಳಿದು ಹಸಿರುಗಟ್ಟಿದ ಕನೆಕ್ಟರಿನೊಳಗಿನ ಸಣ್ಣ ಸೋರಿಕೆಯನ್ನೂ ಅದು ತೋರಿಸಬಲ್ಲದು. ಆದರೆ ಬ್ಯಾಟರಿ ಕಳಚಿ ಅಳೆಯಬೇಕು, ಬಲ್ಬುಗಳನ್ನು ಬಿಚ್ಚದಿದ್ದರೆ ಅವುಗಳ ಫಿಲಮೆಂಟೇ ಕೆಲವೇ ಓಮ್ ತೋರಿಸಿ ದಾರಿ ತಪ್ಪಿಸುತ್ತದೆ.

ಬಾಡಿಯೊಳಗೆ ಹುದುಗಿದ ವೈರನ್ನು ಪ್ಯಾನೆಲ್ ಬಿಚ್ಚದೆ ಹಿಂಬಾಲಿಸಲು, ವೈರಿಗೆ ಸಂಕೇತ ಕಳಿಸಿ ಹೊರಗಿನಿಂದಲೇ ಅದರ ಜಾಡು ಹಿಡಿಯುವ ಶಾರ್ಟ್ ಫೈಂಡರ್ ಅನುಕೂಲ. ಬೆಲೆ ಹೆಚ್ಚು, ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಂಥ ಕಡೆ ದಿನವೂ ಲಾರಿಗಳ ವೈರಿಂಗ್ ಮಾಡುವ ಗ್ಯಾರೇಜಿಗೆ ಅದು ತಕ್ಕುದು, ಒಂದೇ ಲಾರಿ ಇಟ್ಟುಕೊಂಡವರಿಗಲ್ಲ.