ಹತ್ತು ರೂಪಾಯಿ ಪೋಸ್ಟಲ್ ಆರ್ಡರು, ಮೂವತ್ತು ಮೀಟರ್ ಟೇಪು: ಪಂಚಾಯ್ತಿ ಲೆಕ್ಕ ಕೇಳುವ ಸೇವೆಗಳ ರಿವ್ಯೂ

ನಮ್ಮ ಮನೆ ಹಿಂದಿನ ಚರಂಡಿ ಕಾಗದದ ಮೇಲೆ 92 ಮೀಟರ್ ಇತ್ತು. ನೆಲದ ಮೇಲೆ 66 ಮೀಟರ್ 80 ಸೆಂಟಿ. ಮಿಕ್ಕ 25 ಮೀಟರ್ 20 ಸೆಂಟಿ ಎಲ್ಲಿ ಹೋಯಿತು ಅಂತ ಕೇಳೋಕೆ ಸರ್ಕಾರ ನಮಗೆ ಏನೇನು ಸೇವೆ ಇಟ್ಟಿದೆಯೋ, ಅದರಲ್ಲಿ ನಾನು ಬಳಸಿ ನೋಡಿದ್ದಕ್ಕೆಲ್ಲ ಇಲ್ಲಿ ಸ್ಟಾರ್ ಕೊಡ್ತಿದ್ದೀನಿ. ಮಿಕ್ಸಿ, ಮೊಬೈಲಿಗೆ ಕೊಡೋ ಹಾಗೇನೆ. ನಮ್ಮ ಪಂಚಾಯ್ತಿ ಯಾವುದು, ತಾಲ್ಲೂಕು ಯಾವುದು ಅಂತ ಮಾತ್ರ ಕೇಳಬೇಡಿ. ನಾಳೆ ಅದೇ ಊರಲ್ಲಿ ನಾನು ಬಾಳಬೇಕು.

ನಾನು ಗಾರೆ ಮೇಸ್ತ್ರಿ. ಕರಣೆ ಹಿಡಿದು ಇಪ್ಪತ್ತೆರಡು ವರ್ಷ ಆಯ್ತು. 2023ರ ಬೇಸಿಗೆಯಲ್ಲಿ ನಮ್ಮ ಓಣಿಗೆ ಚರಂಡಿ ಆಯಿತು. ಕೊನೆಯ ನಾಲ್ಕು ಮನೆ ಇನ್ನೂ ಇರುವಾಗಲೇ ಅದು ದಾರಿ ತಪ್ಪಿದ ಕುರಿ ಹಾಗೆ ನಿಂತುಬಿಡ್ತು. ಮಳೆ ಬಂದಾಗ ಇಡೀ ಓಣಿಯ ಬಚ್ಚಲ ನೀರು ಕೊನೆಮನೆ ಅಜ್ಜಿಯ ಹಿತ್ತಲಿಗೆ. ಮೆಂಬರ್ ಹತ್ತಿರ ಹೋಗಿ ಕೇಳಿದೆ. ದೂರದವನಲ್ಲ, ನಮ್ಮ ದೊಡ್ಡಮ್ಮನ ಕಡೆಯವನೇ, ನನಗಿಂತ ಎರಡು ವರ್ಷ ಚಿಕ್ಕವನು. "ಅಣ್ಣ, ಬಂದಿದ್ದೇ ಅಷ್ಟು ದುಡ್ಡು. ಮುಂದಿನ ವರ್ಷ ಆಕ್ಷನ್ ಪ್ಲ್ಯಾನಿಗೆ ಸೇರಿಸೋಣ" ಅಂದ. ನಾನೂ ಸುಮ್ಮನಾದೆ.

ಸುಮ್ಮನಿರದೇ ಇದ್ದವಳು ನನ್ನ ಮಗಳು. ಪಿಯುಸಿ ಓದ್ತಿದ್ದಾಳೆ. ಒಂದು ರಾತ್ರಿ ಮೊಬೈಲಲ್ಲಿ ಇ-ಗ್ರಾಮ ಸ್ವರಾಜ್ ಅನ್ನೋ ಸೈಟ್ ತೆಗೆದು ತೋರಿಸಿದಳು. ಕೇಂದ್ರ ಸರ್ಕಾರದ್ದು, 2020ರ ಏಪ್ರಿಲ್‌ನಲ್ಲಿ ಶುರುವಾಗಿದ್ದು. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಆರಿಸ್ತಾ ಹೋದರೆ 15ನೇ ಹಣಕಾಸು ಆಯೋಗದ ದುಡ್ಡಲ್ಲಿ, ಅಂದರೆ ಕೇಂದ್ರದಿಂದ ಪಂಚಾಯ್ತಿಗೆ ಬಂದ ಅನುದಾನದಲ್ಲಿ, ಯಾರಿಗೆ ಯಾವತ್ತು ಎಷ್ಟು ಪಾವತಿ ಆಯಿತು ಅಂತ ಓಚರ್ ಸಮೇತ ಬರುತ್ತೆ. ಪಾಸ್‌ವರ್ಡ್ ಬೇಡ, ಯಾರ ಅಪ್ಪಣೆಯೂ ಬೇಡ. ನಮ್ಮ ಚರಂಡಿಯ ಬಿಲ್ ಪೂರ್ತಿ ಪಾವತಿ ಆಗಿತ್ತು. ದುಡ್ಡು ಹೋದ ಹೆಸರು ಮೆಂಬರ್ ಭಾವಮೈದುನನದು. ಮೂರು ಸ್ಟಾರ್. ಎರಡು ಯಾಕೆ ಕಿತ್ತುಕೊಂಡೆ ಅಂದರೆ, ದುಡ್ಡು ಹೋಗಿದ್ದು ಕಾಣುತ್ತೆ, ಕೆಲಸ ಎಷ್ಟಾಯಿತು ಅನ್ನೋದು ಕಾಣಲ್ಲ. ಅದೂ ಅಲ್ಲದೆ ಕೆಲಸದ ಹೆಸರುಗಳು ಎಂಥ ಇಂಗ್ಲಿಷಲ್ಲಿ ಟೈಪ್ ಆಗಿರ್ತವೆ ಅಂದರೆ, ನಮ್ಮೂರಿನ ಹೆಸರನ್ನ ನಮ್ಮೂರವರೇ ಗುರುತು ಹಿಡಿಯಬೇಕಾದರೆ ಹತ್ತು ನಿಮಿಷ ಬೇಕು.

ಇನ್ನು ಮಾಹಿತಿ ಹಕ್ಕು. ಇದರಲ್ಲಿ ನಾನು ಮೊದಲು ಮುಗ್ಗರಿಸಿದೆ, ಅದನ್ನ ಮುಚ್ಚಿಡಲ್ಲ. ತಾಲ್ಲೂಕು ಆಫೀಸ್ ಎದುರು ಟೈಪಿಂಗ್ ಅಂಗಡೀಲಿ ಕೂತು ಸಿಟ್ಟಲ್ಲಿ ಬರೆಸಿದ ಅರ್ಜಿ: "ಚರಂಡಿಯನ್ನು ಪೂರ್ತಿ ಮಾಡದೆ ಬಿಲ್ ಮಾಡಿರುವುದು ಏಕೆ? ಇದಕ್ಕೆ ಯಾರು ಹೊಣೆ?" ಉತ್ತರ ಬೇಗ ಬಂತು. ಪ್ರಶ್ನೆ ರೂಪದಲ್ಲಿ ಕೇಳಿದ್ದಕ್ಕೆ ಮಾಹಿತಿ ಕೊಡಲು ಅವಕಾಶವಿಲ್ಲ, ಒಂದೇ ಸಾಲು. ಸಿಟ್ಟು ಬಂತು, ಆದರೆ ಕಾನೂನು ಇರೋದೇ ಹಾಗೆ. 2005ರ ಈ ಕಾಯ್ದೆಯಲ್ಲಿ ಕಡತದಲ್ಲಿ ಇರೋದನ್ನ ಕೇಳಬಹುದು. ಯಾಕೆ ಹೀಗೆ ಮಾಡಿದಿರಿ ಅಂತ ಅಧಿಕಾರಿಯ ಬಾಯಿ ಬಿಡಿಸೋಕೆ ಆಗಲ್ಲ.

ಎರಡನೇ ಅರ್ಜಿ ನಾನೇ ಕೂತು ಬರೆದೆ. ನಮೂನೆ ಎ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರಿಗೆ ಪೋಸ್ಟಾಫೀಸಲ್ಲಿ ಹನ್ನೊಂದು ಕೊಡಬೇಕು, ಒಂದು ರೂಪಾಯಿ ಅವರ ಕಮಿಷನ್ನು. ಕೇಳಿದ್ದು ಐದೇ ಕಾಗದ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ಲು, ಕಾಮಗಾರಿಯ ಫೋಟೋ. "ದೃಢೀಕೃತ ಪ್ರತಿ ನೀಡಿ." ಅಷ್ಟೇ. ಸಿಟ್ಟಿನ ಮಾತು ಒಂದೂ ಇಲ್ಲ.

ಈ ಸಲ ಉತ್ತರವೇ ಇಲ್ಲ. ಮೂವತ್ತು ದಿನ ಆಯ್ತು. ಪಂಚಾಯ್ತಿಗೆ ಹೋದರೆ ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ನನ್ನನ್ನ ಮೇಲಿಂದ ಕೆಳಗೆ ನೋಡಿ, "ಯಾವ ಸಂಘಟನೆ ನಿಮ್ದು?" ಅಂದರು. ಅವರದ್ದೂ ತಪ್ಪಲ್ಲ ಬಿಡಿ. ನಮ್ಮ ಕಡೆ ಕಾರಿನ ಗಾಜಿಗೆ ಆರ್‌ಟಿಐ ಕಾರ್ಯಕರ್ತ ಅಂತ ಸ್ಟಿಕ್ಕರ್ ಅಂಟಿಸಿಕೊಂಡು, ಅರ್ಜಿ ಹಾಕಿ, ಆಮೇಲೆ ಲಕೋಟೆ ಇಸ್ಕೊಂಡು ಅರ್ಜಿ ವಾಪಸ್ ತಗೊಳ್ಳೋ ಜನ ಇದ್ದಾರೆ. ನನ್ನನ್ನೂ ಅದೇ ಸಾಲಿಗೆ ಸೇರಿಸಿದ್ದರು. ಯಾವ ಸಂಘಟನೆಯೂ ಇಲ್ಲ ಮೇಡಂ, ಎರಡನೇ ಓಣಿ ಅಂದೆ.

ಅದೇ ವಾರ ಮೆಂಬರ್ ಮನೆಗೆ ಬಂದ. ಕಾಫಿ ಕುಡಿದ. ಸ್ಕೂಲ್ ಕಾಂಪೌಂಡ್ ಕೆಲಸ ಬರ್ತಿದೆ, ನೀನೇ ಮಾಡಣ್ಣ, ಹೊರಗಿನವರಿಗೆ ಯಾಕೆ ಅಂದ. ಅವನು ಹೋದ ಮೇಲೆ ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳಿಗೆ ಕೆಲಸ ಬಿಟ್ಟುಹೋಗುತ್ತೆ ಅನ್ನೋದಕ್ಕಿಂತ ಭಯವೇ ಹೆಚ್ಚು. ಮಾಹಿತಿ ಕೇಳಿದವರನ್ನ ಹೊಡೆದು ಹಾಕಿದ ಸುದ್ದಿ ಪೇಪರಲ್ಲಿ ಓದಿದ್ದಾಳೆ. ನನಗೂ ಆಸೆ ಆಗಲಿಲ್ಲ ಅಂತ ಹೇಳಲಾರೆ. ಕಾಂಪೌಂಡ್ ಅಂದರೆ ಎರಡು ತಿಂಗಳ ಕೂಲಿ. ಇನ್ನೊಂದು ಮಾತೂ ಇದೆ. ನಾನೂ ಹಿಂದೆ ಇಂಥ ಕಂಟ್ರಾಕ್ಟರ್‌ಗಳ ಹತ್ತಿರ ಪೀಸ್ ವರ್ಕ್ ಮಾಡಿದವನೇ. "ಬೆಡ್ ಒಂದಿಂಚು ಕಮ್ಮಿ ಎಳಿ ಮೇಸ್ತ್ರಿ, ಮೇಲೆ ನೀರು ನಿಂತರೆ ಯಾರಿಗೆ ಕಾಣುತ್ತೆ" ಅಂದಾಗ ಎಳೆದಿದ್ದೀನಿ. ಬೆಡ್ ಅಂದರೆ ತಳದ ಕಾಂಕ್ರೀಟು. ಎಲ್ಲಿ ತಿಂತಾರೆ ಅಂತ ನನಗೆ ಗೊತ್ತಾಗಿದ್ದು ಪುಸ್ತಕ ಓದಿ ಅಲ್ಲ.

ಮೊದಲನೇ ಮೇಲ್ಮನವಿ ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಹೋಗುತ್ತೆ. ಒಂದು ದಿನದ ಕೂಲಿ ಬಿಟ್ಟು ವಿಚಾರಣೆಗೆ ಹೋದೆ. ಐದು ನಿಮಿಷದಲ್ಲಿ ಮುಗೀತು. "ಕೊಟ್ಟುಬಿಡಿ ಅಮ್ಮಾ, ಏನಿದೆ ಅದರಲ್ಲಿ" ಅಂದರು ಸಾಹೇಬರು. ಏನಿದೆ ಅಂತ ಅವರಿಗೂ ಗೊತ್ತಿತ್ತೇನೋ, ಮುಖದಲ್ಲಿ ಕಾಣಲಿಲ್ಲ. ಗಡುವು ಮೀರಿದ್ದರಿಂದ ಪುಟಕ್ಕೆ ಎರಡು ರೂಪಾಯಿಯ ಜೆರಾಕ್ಸ್ ಶುಲ್ಕವೂ ಕೊಡಬೇಕಾಗಿಲ್ಲ, ಕಾಯ್ದೆಯ 7(6)ರಲ್ಲಿ ಹಾಗೇ ಇದೆ. ಹದಿನಾಲ್ಕು ಪುಟ ಕೈಗೆ ಬಂತು.

ಮಾಹಿತಿ ಹಕ್ಕಿಗೆ ನಾಲ್ಕು ಸ್ಟಾರ್, ಅದರ ಮೊದಲ ಮೇಲ್ಮನವಿಗೆ ಎರಡೂವರೆ. ತಡ ಮಾಡಿದವರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು ಅಂತ ಕಾಯ್ದೆ ಹೇಳುತ್ತೆ, ಸರಿ. ಆದರೆ ಆ ಅಧಿಕಾರ ಇರೋದು ಮಾಹಿತಿ ಆಯೋಗಕ್ಕೆ. ಮೊದಲ ಮೇಲ್ಮನವಿಯಲ್ಲಿ ಕೂತವರು ಕೊಡಿ ಅನ್ನಬಹುದು, ಅಷ್ಟೇ. ಕೊಡದವರೂ ಕೊಡಿ ಅನ್ನುವವರೂ ಒಂದೇ ಇಲಾಖೆ, ವಾರಕ್ಕೊಂದು ಮೀಟಿಂಗಲ್ಲಿ ಅಕ್ಕಪಕ್ಕ ಕೂರುವವರು.

ಈಗ ಅಳತೆ ಪುಸ್ತಕಕ್ಕೆ ಬರ್ತೀನಿ. ಎಂಬಿ ಅಂತಾರೆ. ನನ್ನ ಪ್ರಕಾರ ಇಡೀ ಪಂಚಾಯ್ತಿಯಲ್ಲಿ ಓದಬೇಕಾದ ಪುಸ್ತಕ ಅದೊಂದೇ. ಎಂಜಿನಿಯರ್ ಜಾಗಕ್ಕೆ ಬಂದು ಅಳೆದು ಬರೆಯಬೇಕು: ಎಷ್ಟು ನಗ, ಉದ್ದ, ಅಗಲ, ಆಳ, ಒಟ್ಟು ಪರಿಮಾಣ. ಇದರ ಮೇಲೇ ಬಿಲ್ ನಿಲ್ಲೋದು. ನಮ್ಮದರಲ್ಲಿ ಬೆಡ್ ಕಾಂಕ್ರೀಟು ಹೀಗೆ ಬರೆದಿತ್ತು: 92.00, 0.75, 0.10. ಎರಡು ಕಡೆ ಗೋಡೆ: 92.00, 0.15, 0.45.

ಆ 92.00 ನೋಡಿದ ತಕ್ಷಣ ನನಗೆ ನಗು ಬಂತು. ಹಳ್ಳಿ ಓಣಿಯಲ್ಲಿ ಯಾವ ಚರಂಡಿಯೂ ಸೊನ್ನೆ ಸೊನ್ನೆಗೆ ನಿಲ್ಲಲ್ಲ ಸ್ವಾಮಿ. ಒಂದು ಕಡೆ ಹುಣಸೆ ಬೇರು, ಇನ್ನೊಂದು ಕಡೆ ಯಾರದೋ ಜಗಲಿ ಕಲ್ಲು, ಮತ್ತೊಂದು ಕಡೆ ನಲ್ಲಿ ಪೈಪು. ನಿಜವಾಗಿ ಟೇಪ್ ಹಿಡಿದವನು 91.65 ಅಂತ ಬರೀತಾನೆ, 92.30 ಅಂತ ಬರೀತಾನೆ. ಅಂದಾಜು ಪಟ್ಟಿ ತೆಗೆದು ಪಕ್ಕದಲ್ಲಿಟ್ಟೆ. ಅಲ್ಲೂ 92.00. ಕೆಲಸಕ್ಕೆ ಮುಂಚೆ ಅಂದಾಜು ಮಾಡಿದ ಅಂಕಿಯನ್ನೇ ಕೆಲಸ ಆದ ಮೇಲೆ ಅಳೆದಿದ್ದು ಅಂತ ಎತ್ತಿ ಬರೆದಿದ್ದಾರೆ. ಜಾಗಕ್ಕೆ ಯಾರೂ ಬಂದೇ ಇಲ್ಲ.

ಭಾನುವಾರ ಬೆಳಿಗ್ಗೆ ಮಗಳ ಕೈಲಿ ಟೇಪಿನ ಒಂದು ತುದಿ ಕೊಟ್ಟು ಅಳೆದೆ. 66.80. ಇಲ್ಲದ 25.20 ಮೀಟರಿಗೆ ಲೆಕ್ಕ ಹಾಕಿದರೆ ಬೆಡ್ಡು, ಗೋಡೆ ಸೇರಿ ಹತ್ತಿರ ಹತ್ತಿರ 5.3 ಘನ ಮೀಟರ್ ಕಾಂಕ್ರೀಟು. ಬೆಡ್ಡಿಗೆ 1:4:8, ಗೋಡೆಗೆ ಎಂ 20 ಅಂತ ಅಂದಾಜಲ್ಲಿ ಇದ್ದ ಮಿಶ್ರಣ ಹಿಡಿದರೆ ಮೂವತ್ತಮೂರು ಮೂಟೆ ಸಿಮೆಂಟು. ಮರಳು, ಜಲ್ಲಿ, ಕೂಲಿ ಬೇರೆ. ಊರವರಿಗೆ ಘನ ಮೀಟರ್ ಅಂದರೆ ತಲೆಗೆ ಹತ್ತಲ್ಲ. ಮೂವತ್ತಮೂರು ಮೂಟೆ ಅಂದರೆ ಹತ್ತುತ್ತೆ. ನಮ್ಮಲ್ಲಿ ಒಂದು ಮೂಟೆಗೆ ಅಂಗಡಿಯವನ ಹತ್ತಿರ ಸಾಲ ಹೇಳಿ ಮನೆ ಕಟ್ಟುವವರಿದ್ದಾರೆ.

ಗ್ರಾಮ ಸಭೆ. ಆರು ತಿಂಗಳಿಗೊಮ್ಮೆಯಾದರೂ ಕರೆಯಲೇಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯಲ್ಲಿದೆ. ನಮ್ಮಲ್ಲಿ ಕರೀತಾರೆ, ಅಂದರೆ ಹಿಂದಿನ ದಿನ ಆಟೋದಲ್ಲಿ ಮೈಕ್ ಕಟ್ಟಿ ಒಂದು ಸುತ್ತು ಕೂಗಿಸ್ತಾರೆ. ಸಾಮಾನ್ಯವಾಗಿ ಬರೋದು ಮನೆ ಪಟ್ಟಿಯಲ್ಲಿ ಹೆಸರು ಬೇಕಾದವರು. ನೋಡಲ್ ಅಧಿಕಾರಿಯಾಗಿ ಪಶುವೈದ್ಯರು ಬಂದಿದ್ದರು. ಪಾಪ, ಅವರನ್ನ ಎರಡು ಜನ ಹಸು ಗಬ್ಬ ನಿಲ್ಲದ ವಿಚಾರ ಕೇಳ್ತಿದ್ದರು.

ನಾನು ಎದ್ದು ಎಂಬಿ ಓದಿದೆ. ಓದಿದ್ದಷ್ಟೇ, ಯಾರನ್ನೂ ಕಳ್ಳ ಅನ್ನಲಿಲ್ಲ. ಅಧ್ಯಕ್ಷೆ ವೇದಿಕೆ ಮೇಲೆ ಕೂತಿದ್ದರು, ಉತ್ತರ ಕೊಡೋಕೆ ಎದ್ದಿದ್ದು ಅವರ ಯಜಮಾನರು. ನಮ್ಮ ರಾಜ್ಯದಲ್ಲಿ ಪಂಚಾಯ್ತಿಯ ಅರ್ಧ ಸೀಟು ಹೆಂಗಸರಿಗೆ ಮೀಸಲು, ಆದರೆ ಮೈಕು ಇನ್ನೂ ಮೀಸಲಾಗಿಲ್ಲ. "ಅದು ಟೈಪಿಂಗ್ ಮಿಸ್ಟೇಕು" ಅಂದರು ಯಜಮಾನರು. ಅಳತೆ ಪುಸ್ತಕ ಕೈಬರಹದಲ್ಲಿದೆ ಸರ್ ಅಂದೆ. ಹಿಂದುಗಡೆ ಯಾರೋ ಕಿಸಕ್ಕೆಂದರು. ಮೆಂಬರ್ ಎದ್ದು, ಮನೆತನದ ಮಾತು ತೆಗೆದ, ದೊಡ್ಡಮ್ಮನ ಹೆಸರು ತೆಗೆದ. ಗಲಾಟೆ ಆಗೋದರಲ್ಲಿತ್ತು. ಆಗ ಅಧ್ಯಕ್ಷೆ, ಅಲ್ಲಿವರೆಗೆ ನಾನು ಅವರ ದನಿಯನ್ನೇ ಕೇಳಿರಲಿಲ್ಲ, ಕೂತಲ್ಲಿಂದಲೇ ಅಂದರು: "ಇಲ್ಲೇ ಇದೆಯಲ್ಲ ಚರಂಡಿ. ಅಳೆದು ನೋಡೋಣ ನಡೀರಿ."

ಪಶುವೈದ್ಯರು, ಕಾರ್ಯದರ್ಶಿ, ಸುಮಾರು ನಲವತ್ತು ಜನ ಓಣಿಗೆ ಬಂದರು. ನನ್ನ ಟೇಪು. ಒಂದು ತುದಿ ನಾನು ಹಿಡೀಲಿಲ್ಲ, ಮೆಂಬರ್ ಕಡೆಯವರೇ ಹಿಡೀಲಿ ಅಂದೆ. 66.80. ನಡವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿದ ಮೇಲೇ ಊಟಕ್ಕೆ ಬಿಟ್ಟೆ.

ಗ್ರಾಮ ಸಭೆಗೆ ಎಷ್ಟು ಸ್ಟಾರ್ ಕೊಡೋದು ಅಂತ ನಿಜವಾಗಲೂ ತಿಳೀತಿಲ್ಲ. ಬರಿಗೈಲಿ ಹೋದರೆ ಒಂದು. ಎಂಬಿ ಜೆರಾಕ್ಸ್ ಹಿಡಿದು ಹೋದರೆ ಐದಕ್ಕೆ ಐದು.

ಮೂರು ವಾರದಲ್ಲಿ ಮಿಕ್ಸರ್ ಬಂತು. ಅದೇ ಭಾವಮೈದುನ. ಮಿಕ್ಕ 25 ಮೀಟರ್ ಚರಂಡಿ ಆಯಿತು. ನಾನು ಕೆಲಸಕ್ಕೆ ಹೋಗುವ ಮುಂಚೆ, ಬಂದ ಮೇಲೆ ನಿಂತು ನೋಡ್ತಿದ್ದೆ. ಬೆಡ್ಡು ನಾಲ್ಕಿಂಚು ಪೂರ್ತಿ ಎಳೆದರು, ಗೋಣಿಚೀಲ ಹಾಸಿ ಹತ್ತು ದಿನ ಕ್ಯೂರಿಂಗ್ ಮಾಡಿದರು. ಹಳೇ ಭಾಗಕ್ಕೆ ಎರಡು ದಿನವೂ ನೀರು ಬಿದ್ದಿರಲಿಲ್ಲ, ಈಗಲೇ ಅಂಚು ಉದುರ್ತಿದೆ. ಅಜ್ಜಿಯ ಹಿತ್ತಲು ಒಣಗಿದೆ, ಸೊಪ್ಪು ಹಾಕಿದ್ದಾರೆ.

ಮತ್ತೆ ಯಾರಿಗೆ ಏನಾಯಿತು? ಏನೂ ಇಲ್ಲ. ಆಗದ ಕೆಲಸಕ್ಕೆ ಬಿಲ್ ಬರೆದವರಿಗೆ ಒಂದು ನೋಟಿಸೂ ಹೋದ ಹಾಗಿಲ್ಲ. ಸಿಕ್ಕಿಬಿದ್ದರೆ ಕಟ್ಟಿಕೊಡೋದು, ಸಿಕ್ಕದಿದ್ದರೆ ಇಟ್ಟುಕೊಳ್ಳೋದು ಅಂತಾದರೆ ಅದು ಶಿಕ್ಷೆಯಲ್ಲ, ಬಡ್ಡಿಯಿಲ್ಲದ ಸಾಲ.

ಪಂಚಾಯತ್ ರಾಜ್ ಕಾಯ್ದೆಯಲ್ಲಿ ದಾರಿ ಇಲ್ಲ ಅಂತಲ್ಲ. ದುರ್ನಡತೆಗೆ ಸದಸ್ಯರನ್ನ ತೆಗೆಯೋಕೆ 43ಎ ಇದೆ, ಅಧ್ಯಕ್ಷ ಉಪಾಧ್ಯಕ್ಷರಿಗೆ 48(4). ಪಂಚಾಯ್ತಿ ಕಂಟ್ರಾಕ್ಟಲ್ಲಿ ಪಾಲಿದ್ದರೆ ಸದಸ್ಯತ್ವವೇ ಹೋಗುತ್ತೆ, ಆದರೆ ಭಾವಮೈದುನನ ಖಾತೆಗೆ ಹೋದ ದುಡ್ಡು ಮೆಂಬರ್ ಜೇಬಿಗೆ ಬಂತು ಅಂತ ತೋರಿಸೋರು ಯಾರು? ಟೀ ಅಂಗಡೀಲಿ ಎಲ್ಲರೂ ಲೋಕಾಯುಕ್ತಕ್ಕೆ ಹಾಕು ಅಂತಾರೆ. ಅವರ ತಲೇಲಿ ಇರೋದು ಟಿವಿಯಲ್ಲಿ ಬರೋ ಟ್ರ್ಯಾಪು: ನೋಟಿಗೆ ಪುಡಿ ಸವರಿ, ಇಸ್ಕೊಂಡವನ ಕೈ ವಾಷಿಂಗ್ ಸೋಡಾ ಬೆರೆಸಿದ ನೀರಲ್ಲಿ ಅದ್ದಿಸಿದರೆ ಗುಲಾಬಿ ಬಣ್ಣ. 2016ರಲ್ಲಿ ಆ ಕೆಲಸ ಎಸಿಬಿಗೆ, ಅಂದರೆ ಭ್ರಷ್ಟಾಚಾರ ನಿಗ್ರಹ ದಳಕ್ಕೆ, ಹೋಗಿತ್ತು, 2022ರ ಆಗಸ್ಟಲ್ಲಿ ಹೈಕೋರ್ಟ್ ಎಸಿಬಿ ರದ್ದು ಮಾಡಿದ ಮೇಲೆ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂತು. ನಮ್ಮ ಕೇಸು ಆ ಜಾತಿಯದಲ್ಲ. ನನ್ನ ಹತ್ತಿರ ಯಾರೂ ಲಂಚ ಕೇಳಿಲ್ಲ, ಗುಲಾಬಿ ಆಗೋಕೆ ಕೈ ಎಲ್ಲಿದೆ? ಇದಕ್ಕೆ ದೂರು ಬೇರೆ: ನಮೂನೆ 1, ಜೊತೆಗೆ ನಮೂನೆ 2ರಲ್ಲಿ ಪ್ರಮಾಣಪತ್ರ, ಆಧಾರದ ಕಾಗದಗಳು. ಕೃತ್ಯ ನಡೆದು ಐದು ವರ್ಷದೊಳಗೆ ಕೊಡಬೇಕು. ಬಳಸದ ಸೇವೆಗೆ ನಾನು ಸ್ಟಾರ್ ಕೊಡಲ್ಲ.

ಎರಡೂ ನಮೂನೆ ತುಂಬಿಸಿ ಇಟ್ಟಿದ್ದೀನಿ, ಅಕ್ಕಿ ಡ್ರಮ್ಮಿನ ಮೇಲಿನ ಟ್ರಂಕಲ್ಲಿ. ಹೆಂಡತಿಗೆ ಗೊತ್ತು. ಚರಂಡಿ ಆಯ್ತಲ್ಲ, ಇನ್ನೇನು ಅಂತಾಳೆ. ಮಗಳು, ಹಳೇ ಭಾಗದ ಕಾಂಕ್ರೀಟಿನ ಸ್ಯಾಂಪಲ್ ಕೇಳಪ್ಪ ಅಂತಾಳೆ. ಕಾಮಗಾರಿ ಪರಿಶೀಲಿಸೋದು, ಸಾಮಗ್ರಿಯ ದೃಢೀಕೃತ ಮಾದರಿ ತಗೊಳ್ಳೋದು ಎರಡೂ ಮಾಹಿತಿ ಹಕ್ಕಿನಲ್ಲೇ ಇದೆಯಂತೆ, 2(ಜೆ). ಇಷ್ಟು ವರ್ಷ ಕಾಂಕ್ರೀಟ್ ಕಲಸಿದವನಿಗೆ ಇದು ಗೊತ್ತೇ ಇರಲಿಲ್ಲ.

ಮೆಂಬರ್ ಜಾತ್ರೆಯಲ್ಲಿ ಎದುರು ಸಿಕ್ಕಿದ. ಮಾತಾಡಿಸಲಿಲ್ಲ. ಕಾಂಪೌಂಡ್ ಕೆಲಸ ಪಕ್ಕದೂರಿನವರಿಗೆ ಹೋಯಿತು. ಮೂರನೇ ವಾರ್ಡಿನ ಇಬ್ಬರು ಹುಡುಗರು ನಿನ್ನೆ ಸಂಜೆ ಬಂದು, ಅವರ ಕಡೆ ಸಿಸಿ ರಸ್ತೆಯ ಎಂಬಿ ಸಿಕ್ಕಿದೆ, ಟೇಪ್ ಕೊಡಣ್ಣ ಅಂದರು. ಕೊಟ್ಟೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ವಾಪಸ್ ತಂದುಕೊಡ್ರಪ್ಪ, ಸೈಟಲ್ಲಿ ನನಗೆ ಪಾಯ ಗುರುತು ಹಾಕೋದಿದೆ ಅಂದಿದ್ದೀನಿ.