ಚೊಚ್ಚಲ ಬಸುರಿಯರಿಗೆ ಹೆರಿಗೇಲಿ ಮುಕ್ಕೋದು ಕಲಿಸೋ ಹಾಸನದ ತರಗತಿ

ಹಾಸನದ ಸುತ್ತಮುತ್ತ ಮನೇಲಿ ಚೊಚ್ಚಲ ಬಸುರಿ ಇದ್ದರೆ ಕೆ.ಆರ್.ಪುರಂನಲ್ಲಿ ಭಾನುವಾರ ನಡೆಯೋ ಈ ತರಗತಿಗೆ ಕಳಿಸಿ, ನೀವೂ ಜೊತೆಗೆ ಹೋಗಿ. ನಾನು ಮಗಳ ಜೊತೆ ಹೋಗಿದ್ದೆ. ಹೆರಿಗೆ ವಾರ್ಡಿನಲ್ಲೇ ಕೆಲಸ ಮಾಡಿ ನಿವೃತ್ತರಾದ ನರ್ಸಮ್ಮ ತಮ್ಮ ಮನೆ ಮಹಡಿ ಮೇಲೆ ನಡೆಸ್ತಾರೆ. ಹೆರಿಗೆ ಕೋಣೆಗೆ ಯಾರು ಜೊತೆಗೆ ಹೋಗ್ತಾರೋ ಅವರೂ ಬರಲೇಬೇಕು, ಅವರಿಗೆ ಬೇರೆ ಫೀಸಿಲ್ಲ.

ಬೇರೆ ಕಡೆ ಯೋಗ, ಊಟದ ಪಟ್ಟಿ ಕೊಟ್ಟು ಮುಗಿಸ್ತಾರೆ. ಇಲ್ಲಿ ಒಂದು ಇಡೀ ಬೆಳಗ್ಗೆ ಮುಕ್ಕೋದಕ್ಕೇ, ಅಂದ್ರೆ ಮಗು ಹೊರಗೆ ಬರೋಕೆ ಕೆಳಗೆ ಬಲ ಹಾಕೋದಕ್ಕೇ ಮೀಸಲು. ನನ್ನ ಮಗಳಿಗಿದ್ದ ಭಯವೂ ಅದೇ. ನೋವು ತಡ್ಕೋತೀನಿ, ಮುಕ್ಕು ಅಂದಾಗ ಏನು ಮಾಡಲಿ ಅಂತಿದ್ದಳು. ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ಪೂರ್ತಿ ತೆರೆಯೋ ತನಕ ಮುಕ್ಕಬಾರದು, ತೆರೆದ ಮೇಲೂ ಚೊಚ್ಚಲಿನವರಿಗೆ 3 ಗಂಟೆವರೆಗೆ ಹಿಡಿಯಬಹುದು ಅಂತ ಮೊದಲೇ ಹೇಳಿದರು. ಎರಡೇ ಸಲ ಮುಕ್ಕಿದ್ರೆ ಮಗು ಬಂದುಬಿಡುತ್ತೆ ಅಂದ್ಕೊಂಡು ಹೋದವರೇ ಕಂಗಾಲಾಗೋದು.

ಆಮೇಲೆ ಎಲ್ಲರಿಗೂ ಕೈಮುಷ್ಟಿ ಸಡಿಲವಾಗಿ ಮಡಚಿ ಬಾಯಿಗಿಟ್ಟು ನಿಧಾನವಾಗಿ ಊದೋಕೆ ಹೇಳಿದರು. ಊದುವಾಗ ಹೊಟ್ಟೆ ಬಿಗಿಯಾಗುತ್ತೆ, ಕೂತ ಜಾಗದಲ್ಲಿ ಕೆಳಗೆ ತಾನಾಗೇ ಸಡಿಲವಾಗಿ ಇಳಿಯುತ್ತೆ. ಐವತ್ತು ದಾಟಿದ ನನಗೂ ಅದು ಸ್ಪಷ್ಟವಾಗಿ ಗೊತ್ತಾಯ್ತು. ಮುಂದೆ, ಹಲ್ಲು ಕಚ್ಚಿ ಕೆನ್ನೆ ಉಬ್ಬಿಸಿ ಮುಕ್ಕಿ ನೋಡಿ ಅಂದರು. ಬಲವೆಲ್ಲ ಕತ್ತು, ಕಣ್ಣಿಗೆ ಹೋಯ್ತು, ಕೆಳಗೆ ಬಿಗಿದುಕೊಂಡಿತು. ದವಡೆ ಸಡಿಲ ಬಿಡಿ, ಕಕ್ಕಸಿಗೆ ಮುಕ್ಕೋ ಹಾಗೇ ಮುಕ್ಕಿ, ಸ್ವಲ್ಪ ಹೊರಗೆ ಬಂದರೂ ನಾಚಿಕೆ ಬೇಡ, ಬಲ ಸರಿಯಾದ ಜಾಗಕ್ಕೆ ಬೀಳ್ತಿದೆ ಅಂತ ಲೆಕ್ಕ ಅಂದರು. ನಮ್ಮ ಮನೆಗಳಲ್ಲಿ ಈ ಮಾತು ಹೆಣ್ಣುಮಕ್ಕಳಿಗೆ ಯಾರು ಹೇಳ್ತಾರೆ? ತಲೆ ಕಾಣಿಸಿ ಉರಿ ಶುರುವಾದಾಗ ಮುಕ್ಕೋದು ಬಿಟ್ಟು, ಬಾಯಿ ತೆರೆದು ಹಾ ಹಾ ಅಂತ ಸಣ್ಣ ಉಸಿರು ಬಿಡಬೇಕು, ಆಗ ಕೆಳಗೆ ಚರ್ಮ ಹರಿಯೋದು ಕಡಿಮೆ. ಅಂಗಾತವೇ ಮಲಗಬೇಕಿಲ್ಲ ಅಂತ ಮಗ್ಗುಲಾಗಿ, ಮಂಡಿಯೂರಿ ಕೂರೋದನ್ನೂ ಚಾಪೆ ಮೇಲೆ ಮಾಡಿಸಿದರು.

ಜೊತೆಗಿರೋರಿಗೂ ಪಾಠ ಇತ್ತು. ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಮಾತಾಡಿಸಬೇಡಿ, ಒಂದು ಗುಟುಕು ನೀರು ಕೊಟ್ಟು ಸುಮ್ಮನಿರಿ. 2016ರಿಂದ ಸರ್ಕಾರಿ ಆಸ್ಪತ್ರೆಗಳಲ್ಲೂ ಜೊತೆಗೊಬ್ಬರಿರೋದಕ್ಕೆ ಕೇಂದ್ರ ಆರೋಗ್ಯ ಇಲಾಖೆ ಅವಕಾಶ ಕೊಟ್ಟಿದೆ, ಧೈರ್ಯವಾಗಿ ಕೇಳಿ ಅಂದರು. ಹೊಟ್ಟೆ ಮೇಲಿಂದ ಒತ್ತಿ ಮಗು ಇಳಿಸೋದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅಂದಿದೆ ಅಂತಲೂ ಹೇಳಿಕೊಟ್ಟಿದ್ದರು. ಹೆರಿಗೆಗೆ ನಾವು ಹೋದ ಆಸ್ಪತ್ರೇಲಿ ಒಬ್ಬಾಕೆ ಒತ್ತೋಕೆ ಬಂದೇಬಿಟ್ಟಳು. ಒತ್ತಬೇಡಿ, ಡಾಕ್ಟರನ್ನ ಕೇಳಿ ಅಂತ ನಾನು ತಡೆದೆ, ಡಾಕ್ಟರೂ ಬೇಡ ಅಂದರು. ಮಗಳು ಮುಷ್ಟಿ ಬಾಯಿಗಿಟ್ಟು ಊದುತ್ತಾ ತಾನೇ ಮುಕ್ಕಿದಳು. ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ.

ಕೊರತೆ ಎರಡಿದೆ. ಮಹಡಿ ಮೆಟ್ಟಿಲು ತೀರಾ ಕಡಿದು, ಹಿಡ್ಕೊಳ್ಳೋಕೆ ಕಂಬಿ ಇಲ್ಲ, ತುಂಬು ಬಸುರಿಯರನ್ನ ಅಲ್ಲಿ ಹತ್ತಿಸೋದು ಸರಿಯಲ್ಲ. ಕೆಳಗಿನ ಹಾಲ್‌ನಲ್ಲೇ ಮಾಡಿ ಅಂತ ಅವರಿಗೇ ಹೇಳಿದೀನಿ. ಹೆರಿಗೆ ನೋವು ಗೊತ್ತಾಗದಿರಲಿ ಅಂತ ಬೆನ್ನಿಗೆ ಇಂಜೆಕ್ಷನ್ (ಎಪಿಡ್ಯೂರಲ್) ತಗೊಂಡೋರಿಗೆ ಮುಕ್ಕಬೇಕು ಅನ್ನೋ ಒತ್ತಡ ಸರಿಯಾಗಿ ಗೊತ್ತಾಗಲ್ಲ, ಅಂಥವರು ಏನು ಮಾಡಬೇಕು ಅನ್ನೋದನ್ನ ಎರಡೇ ಮಾತಲ್ಲಿ ಮುಗಿಸಿಬಿಟ್ಟರು. ಬೆಂಗಳೂರಲ್ಲಿ ಹೆರಿಗೆ ಮಾಡಿಸೋರು ಅದನ್ನ ಬಿಡಿಸಿ ಕೇಳಿಕೊಳ್ಳಿ.

ಬಿಪಿ ಇದ್ದರೆ, ಕಸ (ಮಾಸು, ಪ್ಲಾಸೆಂಟಾ) ಕೆಳಗಿದೆ ಅಂತ ಸ್ಕ್ಯಾನಿಂಗಲ್ಲಿ ಬಂದಿದ್ದರೆ ಮೊದಲು ನಿಮ್ಮ ಡಾಕ್ಟರನ್ನ ಕೇಳಿ. ಒಂದು ಸಲಕ್ಕೆ ಕೆಲವರನ್ನಷ್ಟೇ ಸೇರಿಸ್ಕೊಳ್ತಾರೆ, ಸೀಮಂತ ಆದ ಕೂಡಲೇ ಹೆಸರು ಬರೆಸಿಬಿಡಿ.