ಹಳೆ ಎಂಟಿಬಿಗೆ 11 ಗೇರಿನ ಡಿಯೋರ್: ದೂರದ ರೇಸಿಗೆ ಮರಳುವವರಿಗೆ ಎಂ5100 ಸಾಕೇ?

ವರ್ಷಗಟ್ಟಲೆ ಮೂಲೆಗೆ ಒರಗಿ ನಿಂತ ಎಂಟಿಬಿಯನ್ನು, ಅಂದರೆ ಗುಡ್ಡಗಾಡಿನ ಮೌಂಟನ್ ಬೈಕನ್ನು, ಮತ್ತೆ ನೂರು ಕಿಲೋಮೀಟರಿನ ಅಥವಾ ಆರು ಗಂಟೆಯ ರೇಸಿಗೆ ಇಳಿಸಬೇಕು ಎಂದರೆ, ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಮೊದಲು ಕೇಳಿಬರುವ ಸಲಹೆ "ಹೊಸತೇ ತೆಗೊಳ್ಳಿ ಮಾರಾಯ್ರೆ". ಫ್ರೇಮ್ ಬಿರುಕು ಬಿಟ್ಟಿಲ್ಲ, ಫೋರ್ಕಿನಿಂದ ಎಣ್ಣೆ ಸೋರುತ್ತಿಲ್ಲ ಎಂದಾದರೆ ಅಷ್ಟು ಖರ್ಚು ಬೇಕಿಲ್ಲ. ಬದಲಾಗಬೇಕಾದ್ದು ಗೇರ್. ಹಳೆ ಸೈಕಲ್ಲಿಗೆ ತಕರಾರಿಲ್ಲದೆ ಕೂರುವುದು ಜಪಾನಿನ ಸೈಕಲ್ ಬಿಡಿಭಾಗ ಕಂಪನಿ ಶಿಮಾನೊ 2020ರಲ್ಲಿ ತಂದ ಡಿಯೋರ್ ಎಂ5100 ಗೇರ್ ಸೆಟ್: ಮುಂದೆ ಪೆಡಲಿನ ಬಳಿ ಒಂದೇ ಹಲ್ಲುಚಕ್ರ (ಚೈನ್‌ರಿಂಗ್), ಹಿಂದಿನ ಗಾಲಿಯಲ್ಲಿ 11 ಗೇರ್, 11ರಿಂದ 51 ಹಲ್ಲಿನ ಚಕ್ರಗಳ ಗೊಂಚಲು (ಕ್ಯಾಸೆಟ್).

ಒಂದು ಮೆಟ್ಟಿಲು ಮೇಲಿನ 12 ಗೇರಿನ ಎಂ6100 ಯಾಕೆ ಬೇಡ? ಗಾಲಿಯ ನಡುವಿನ ಹಬ್ಬಿನ ಕಾರಣಕ್ಕೆ. ಅದರ ಕ್ಯಾಸೆಟ್ 10 ಹಲ್ಲಿನಿಂದ ಶುರುವಾಗುತ್ತದೆ, ಅದು ಕೂರಲು ಮೈಕ್ರೋ ಸ್ಪ್ಲೈನ್ ಎಂಬ ಬೇರೆಯೇ ಫ್ರೀಹಬ್ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಬೇಕು. ಹತ್ತು ಹದಿನೈದು ವರ್ಷ ಹಿಂದಿನ ಸಾಮಾನ್ಯ ಹಬ್‌ಗಳಲ್ಲಿರುವುದು ಹೈಪರ್‌ಗ್ಲೈಡ್ ಎಂಬ ಹಳೆ ನಮೂನೆ. ಹಬ್ ಬದಲಿಸಹೊರಟರೆ ಸ್ಪೋಕ್ ಬದಲಿಸಬೇಕು, ಗಾಲಿ ಮತ್ತೆ ಕಟ್ಟಿಸಬೇಕು. ಖರ್ಚು ಹೊಸ ಸೈಕಲ್ಲಿನ ದಾರಿ ಹಿಡಿಯುತ್ತದೆ. ಎಂ5100ರ ಕ್ಯಾಸೆಟ್ ಮಾತ್ರ 8, 9, 10 ಗೇರಿನ ಹಳೆ ಎಂಟಿಬಿ ಫ್ರೀಹಬ್ಬಿನ ಮೇಲೆಯೇ ಕೂರುತ್ತದೆ. ಮರಳಿ ಬರುವವರಿಗೆ ಈ ಸೆಟ್ಟಿನ ಅತಿ ದೊಡ್ಡ ಗುಣ ಇದೇ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಸಂಖ್ಯೆ ಓದಿಯೇ ದುಡ್ಡು ಕೊಡಿ. ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಆರ್‌ಡಿ-ಎಂ5100-ಎಸ್‌ಜಿಎಸ್ ಆಗಿರಬೇಕು. ನೋಡಲು ಹಾಗೆಯೇ ಇರುವ ಎಂ5120ಕ್ಕೆ 51 ಹಲ್ಲು ಅದರ ಮಿತಿಯಾಚೆ. ಲಿಂಕ್‌ಗ್ಲೈಡ್ (ಶಿಮಾನೊದ್ದೇ ಬೇರೆ ಸಾಲು) ಎಂದು ಬರೆದ ಕ್ಯಾಸೆಟ್ಟಿನಲ್ಲೂ 11 ಗೇರಿನದು ಸಿಗುತ್ತದೆ, ಹಳೆ ಫ್ರೀಹಬ್ಬಿಗೂ ಕೂರುತ್ತದೆ. ಆದರೆ ಎಂ5100ರ ಶಿಫ್ಟರಿನ (ಹ್ಯಾಂಡಲಿನಲ್ಲಿ ಗೇರ್ ಬದಲಿಸುವ ಸಾಧನ) ಜೊತೆ ಗೇರ್ ಹೊಂದಿಕೆಯಾಗುವುದಿಲ್ಲ. ಹಳೆಯ 9 ಅಥವಾ 10 ಗೇರಿನ ಶಿಫ್ಟರ್ ಉಳಿಸಿಕೊಳ್ಳುವ ಆಸೆಯೂ ಬೇಡ, ಒಂದು ಕ್ಲಿಕ್ಕಿಗೆ ಕೇಬಲ್ ಎಳೆಯುವ ಅಳತೆಯೇ ಬೇರೆ. ಚೈನ್ 126 ಕೊಂಡಿಯದನ್ನು ಕೇಳಿ. ಚೈನ್‌ಸ್ಟೇ (ಪೆಡಲಿನ ಅಕ್ಷದಿಂದ ಹಿಂದಿನ ಗಾಲಿಯ ಅಕ್ಷದವರೆಗಿನ ಉದ್ದ) 440 ಮಿ.ಮೀ. ಇದ್ದು 32 ಮತ್ತು 51 ಹಲ್ಲಿನ ಮೇಲೆ ಡಿರೇಲರ್ ಬಿಟ್ಟು ಸುತ್ತಿದರೇ ಸುಮಾರು 111 ಕೊಂಡಿ ಮುಗಿಯುತ್ತದೆ. ಕೈಪಿಡಿ ಹೇಳುವ ಹೆಚ್ಚುವರಿ ಕೊಂಡಿ ಸೇರಿಸಿದಾಗ 116ರ ಪೊಟ್ಟಣ ತೀರಾ ಅಂಚಿಗೆ ಬರುತ್ತದೆ.

ಮುಂದಿನ ಕ್ರ್ಯಾಂಕ್ (ಪೆಡಲಿನ ತೋಳು) ಹಳೆಯದೇ ಇರಲಿ. ನಾಲ್ಕು ಕಾಲಿನ ಕ್ರ್ಯಾಂಕಿನಲ್ಲಿ ಪಕ್ಕಪಕ್ಕದ ಎರಡು ಬೋಲ್ಟುಗಳ ನಡುವಿನ ಅಂತರ 73.5 ಮಿ.ಮೀ. ಬಂದರೆ ಅದು 104 ಬಿಸಿಡಿ (ಬೋಲ್ಟುಗಳ ವೃತ್ತದ ವ್ಯಾಸ 104 ಮಿ.ಮೀ.). ಮೂರೂ ರಿಂಗ್ ಕಳಚಿ, ನಡುವಿನ ಜಾಗದಲ್ಲಿ 32 ಹಲ್ಲಿನ ನ್ಯಾರೋ-ವೈಡ್ (ಚೈನ್ ಜಾರದಂತೆ ಹಲ್ಲು ಒಂದು ತೆಳು, ಒಂದು ದಪ್ಪ) ರಿಂಗ್ ಕೂರಿಸಿ. ಹೊರಗಿನ ರಿಂಗ್ ಇಲ್ಲದ ಮೇಲೆ ಹಳೆ ಬೋಲ್ಟುಗಳು ಉದ್ದವಾಗಿ, ಬಿಗಿಯಾದಂತೆ ಕಂಡರೂ ರಿಂಗ್ ಅಲ್ಲಾಡುತ್ತದೆ. ಒಂಟಿ ರಿಂಗಿನ ಗಿಡ್ಡ ಬೋಲ್ಟ್ ನಾಲ್ಕು ಬೇರೆಯೇ ತರಬೇಕು.

ಮೂರು ರಿಂಗಿನಿಂದ ಒಂದಕ್ಕೆ ಇಳಿದರೆ ಏರಿನಲ್ಲಿ ಕಷ್ಟವಾದೀತೆಂಬ ಭಯ ಬಹಳ ಜನರಿಗಿದೆ. ಲೆಕ್ಕ ಬೇರೆ ಹೇಳುತ್ತದೆ. 26 ಇಂಚಿನ ಗಾಲಿಯಲ್ಲಿ ಹಳೆಯ 22–34 (ಮುಂದೆ 22, ಹಿಂದೆ 34 ಹಲ್ಲು) ಗೇರಿಗೆ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 4.8 ಕಿ.ಮೀ.; 32–51ರಲ್ಲಿ 4.7. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ 14 ತಿರುವುಗಳಲ್ಲಿ ಕಾಲು ಬೇಡುವುದು ಇಂಥದ್ದೇ ಗೇರು, ಅದು ಕೈಬಿಟ್ಟು ಹೋಗಿಲ್ಲ. 29 ಇಂಚಿನ ಗಾಲಿಗೆ 32ರ ರಿಂಗ್ ಹಾಕಿದರೆ ವೇಗ 5.2ಕ್ಕೆ ಏರುತ್ತದೆ. ವರ್ಷಗಳ ನಂತರ ಬರುವ ಕಾಲಿಗೆ, ಐದನೇ ಗಂಟೆಯಲ್ಲಿ, ಆ ವ್ಯತ್ಯಾಸ ಮೊಣಕಾಲಿನಲ್ಲಿ ಗೊತ್ತಾಗುತ್ತದೆ. 29ರವರು 30 ಹಲ್ಲನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಕಳೆದುಕೊಳ್ಳುವುದು ಮೇಲಿನ ತುದಿಯಲ್ಲಿ. 26ರ ಗಾಲಿಯಲ್ಲಿ 32–11ಕ್ಕೆ 90 ಸುತ್ತು ತುಳಿದರೂ ಗಂಟೆಗೆ 32–33 ಕಿ.ಮೀ. ಅಷ್ಟೇ. ಮಣ್ಣಿನ ದಾರಿಯಲ್ಲಿ ಅದಕ್ಕಿಂತ ಬೇಗ ಹೋಗುವಲ್ಲಿ ಹೇಗೂ ಯಾರೂ ತುಳಿಯುವುದಿಲ್ಲ.

ನಿಜವಾದ ಕೊರತೆ ನಡುವೆ ಇದೆ. ಕ್ಯಾಸೆಟ್ಟಿನ ಹಲ್ಲುಗಳು 11, 13, 15, 18, 21, 24, 28, 33, 39, 45, 51. ಹಳೆಯ 9 ಗೇರಿನಲ್ಲಿ 15ರ ನಂತರ 17 ಇತ್ತು, ಇಲ್ಲಿ ನೇರ 18: ಶೇ. 20ರ ಜಿಗಿತ. 29ರ ಗಾಲಿ, 32ರ ರಿಂಗ್, 85 ಸುತ್ತಿನ ಲೆಕ್ಕದಲ್ಲಿ ಒಂದು ಗೇರಿನಲ್ಲಿ ವೇಗ 25, ಇನ್ನೊಂದರಲ್ಲಿ 21. ಪಡುಬಿದ್ರಿ, ಮಲ್ಪೆ ಕಡೆಯ ಕಡಲ ದಾರಿಯಲ್ಲಿ ಎದುರುಗಾಳಿಗೆ ತಾಸುಗಟ್ಟಲೆ ಅಭ್ಯಾಸ ಮಾಡುವವರಿಗೆ ಬೇಕಾಗುವ ವೇಗ ಸರಿಯಾಗಿ ಇವೆರಡರ ನಡುವೆ ಬರುತ್ತದೆ, ಒಂದು ಗೇರ್ ಭಾರ, ಇನ್ನೊಂದು ಹಗುರ. ಇದಕ್ಕೆ ಪರಿಹಾರವಿಲ್ಲ, ಒಗ್ಗಿಕೊಳ್ಳಬೇಕು. ಕ್ಯಾಸೆಟ್ಟಿನ ತೂಕ 600 ಗ್ರಾಂ ದಾಟುತ್ತದೆ, ಮುಂದಿನ ಡಿರೇಲರ್, ಎಡ ಶಿಫ್ಟರ್ ತೆಗೆದರೂ ಸೈಕಲ್ ಬಹಳ ಹಗುರವಾದೀತೆಂದು ಎಣಿಸಬೇಡಿ. ಸಣ್ಣ ಸ್ಪ್ರಾಕೆಟ್‌ಗಳು (ಕ್ಯಾಸೆಟ್ಟಿನ ಹಲ್ಲುಚಕ್ರಗಳು) ಬಿಡಿಬಿಡಿ ಇರುವುದರಿಂದ ಅಲ್ಯೂಮಿನಿಯಂ ಫ್ರೀಹಬ್ ಆದರೆ ಅದರ ಗೀರುಗಳಲ್ಲಿ ಕಚ್ಚಿ ಕೂರುತ್ತವೆ. ಕ್ಯಾಸೆಟ್ ಹಿಡಿಯುವ ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿ ಮಾಡಿದರೆ ಈ ಕಚ್ಚುವಿಕೆ ಕಡಿಮೆ.

ಜೋಡಿಸುವ ಕೆಲಸದಲ್ಲಿ ಮೊದಲನೆಯದು ಹ್ಯಾಂಗರ್, ಫ್ರೇಮಿಗೆ ಡಿರೇಲರ್ ತೂಗುವ ತುಂಡು. ಗೋಡೆಗೆ ಒರಗಿ ನಿಂತ ಸೈಕಲ್ ಒಮ್ಮೆ ಬಲಕ್ಕೆ ಬಿದ್ದಿದ್ದರೂ ಸಾಕು, ಹ್ಯಾಂಗರ್ ಸೊಟ್ಟಗಾಗಿರಬಹುದು. ಮೂರು ರಿಂಗಿನ ಕಾಲದಲ್ಲಿ ಅದು ನಡೆಯುತ್ತಿತ್ತು, 11 ಗೇರಿನ ಇಕ್ಕಟ್ಟಿನಲ್ಲಿ ನಡೆಯುವುದಿಲ್ಲ. ಹ್ಯಾಂಗರ್ ನೇರ ಮಾಡುವ ಉಪಕರಣ ಇಟ್ಟುಕೊಳ್ಳದ ಅಂಗಡಿಗೆ ಈ ಕೆಲಸ ಕೊಡಬೇಡಿ. ಡಿರೇಲರ್ ಬೋಲ್ಟ್ 8–10 ನ್ಯೂಟನ್ ಮೀಟರ್, ಕೇಬಲ್ ಬೋಲ್ಟ್ 6–7. ಬಳಿಕ ಡಿರೇಲರಿನ ಪುಲ್ಲಿಗೂ (ಚೈನ್ ಹಾಯುವ ಪುಟ್ಟ ಗಾಲಿ) ಕ್ಯಾಸೆಟ್ಟಿಗೂ ನಡುವಿನ ಅಂತರ ಹೊಂದಿಸುವ ಬಿ-ತಿರುಪು: ಚೈನನ್ನು 51ಕ್ಕೆ ತಂದು ಹಿಂದಿನಿಂದ ನೋಡಿದರೆ ಕೇಜಿನ (ಪುಲ್ಲಿಗಳನ್ನು ಹಿಡಿದ ತೋಳು) ಒಳಬದಿಯಲ್ಲಿ ಒಂದು ಗೆರೆ ಕಾಣುತ್ತದೆ, ದೊಡ್ಡ ಸ್ಪ್ರಾಕೆಟ್ಟಿನ ಹಲ್ಲಿನ ತುದಿ ಆ ಗೆರೆಗೆ ಹೊಂದಬೇಕು. ಕಣ್ಣಳತೆಯಲ್ಲಿ ದೂರ ಇಟ್ಟರೆ ಗೇರ್ ತಡವಾಗಿ ಬೀಳುತ್ತದೆ, ಹತ್ತಿರ ಇಟ್ಟರೆ 51ರಲ್ಲಿ ಪುಲ್ಲಿ ಉಜ್ಜಿ ಕರಕರ ಎನ್ನುತ್ತದೆ. "ಗೇರ್ ಸರಿ ಇಲ್ಲ" ಎಂಬ ದೂರುಗಳಲ್ಲಿ ಬಹಳಷ್ಟು ಈ ಒಂದು ತಿರುಪಿನದು.

ಹಳೆ ಫ್ರೇಮುಗಳಲ್ಲಿ ಕೇಬಲ್ ಅಲ್ಲಲ್ಲಿ ಬರಿಮೈಯಲ್ಲಿ ಓಡುತ್ತದೆ. ಕರಾವಳಿಯ ಮಳೆಗಾಲಕ್ಕೆ ಅದು ಆಗುವಂಥದ್ದಲ್ಲ: ಮಣಿಪಾಲದ ಪದವಿನ ಮುರಕಲ್ಲು ಕೆಸರು ತುದಿಗಳಿಂದ ಒಳಗಿಳಿದು, ಒಣಗಿ, ಕೇಬಲನ್ನು ಹಿಡಿದುಬಿಡುತ್ತದೆ. ಶಿಫ್ಟರಿನಿಂದ ಡಿರೇಲರ್ ತನಕ 4 ಮಿ.ಮೀ. ಔಟರ್ (ಕೇಬಲಿನ ಹೊರಕವಚ) ಒಂದೇ ತುಂಡಾಗಿ ಎಳೆದು ಜಿಪ್ ಟೈ ಹಾಕಿ. ಇದಕ್ಕೆ ತಗಲುವ ದುಡ್ಡು ಅಲ್ಪ, ಸಿಗುವ ನೆಮ್ಮದಿ ದೊಡ್ಡದು.

ನ್ಯಾರೋ-ವೈಡ್ ರಿಂಗಿನ ಜೊತೆ ಚೈನ್ ಬೀಳದಂತೆ ತಡೆಯುವುದು ಡಿರೇಲರಿನ ಕ್ಲಚ್ (ಕೇಜ್ ಸಡಿಲವಾಗಿ ಅಲ್ಲಾಡದಂತೆ ಹಿಡಿಯುವ ಭಾಗ), ಮುಂದಿನ ಡಿರೇಲರ್ ಇಲ್ಲದ ಸೈಕಲ್ಲಿಗೆ ಅದು ಜೀವಾಳ. ನೀರು, ಉಪ್ಪು ಒಳಸೇರಿ ಗ್ರೀಸ್ ಒಣಗಿದರೆ ಅದು ಜಡವಾಗುತ್ತದೆ. ಸಣ್ಣ ಗೇರಿಗೆ ಇಳಿಸಿದಾಗ ಕೇಜ್ ಹಿಂದಕ್ಕೆ ಬಾರದೆ ಚೈನ್ ಜೋತುಬೀಳುತ್ತದೆ. ಹೊಸ ಡಿರೇಲರ್ ತರುವ ಮೊದಲು ಮುಚ್ಚಳ ಬಿಚ್ಚಿಸಿ, ಕ್ಲಚ್ಚಿಗೆಂದೇ ಶಿಮಾನೊ ಮಾರುವ ಗ್ರೀಸ್ ಹಾಕಿಸಿ ನೋಡಿ. ಪ್ರೆಷರ್ ವಾಷಿನ ನೀರನ್ನು ಅತ್ತ ಬಿಡಲೇಬೇಡಿ. ಕಡಲ ಬದಿಯ ಸವಾರಿಯಾದರೆ ಅದೇ ದಿನ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡಿ. ಚೈನಿನ ಸವೆತ ಅಳೆಯುವ ಅಳತೆಗೋಲು ಶೇ. 0.5 ತೋರಿಸಿದ ಕೂಡಲೇ ಚೈನ್ ಬದಲಿಸಿದರೆ ಕ್ಯಾಸೆಟ್ ಉಳಿಯುತ್ತದೆ.

ಇಡೀ ದುಡ್ಡನ್ನು ಗೇರಿಗೇ ಸುರಿಯಬೇಡಿ. ವರ್ಷಗಟ್ಟಲೆ ನಿಂತ ಸೈಕಲ್ಲಿನ ಬ್ರೇಕ್ ದ್ರವ, ಟಯರಿನ ರಬ್ಬರು, ಫೋರ್ಕಿನ ಸೀಲು ಮೂರೂ ಹಾಳಾಗಿರಬಹುದು. ಘಾಟಿ ಇಳಿಯುವಾಗ ಜೀವ ಇರುವುದು ಅವುಗಳ ಮೇಲೆ. ಬಜೆಟ್ ಬಿಗಿಯಿದ್ದರೆ ಅವು ಮೊದಲು, ಎಂ5100 ಆಮೇಲೆ.

ರೇಸಿನ ಚೀಲಕ್ಕೆ ಹೊಸ ಕ್ವಿಕ್ ಲಿಂಕ್ (ಚೈನಿನ ತುದಿ ಜೋಡಿಸುವ ಕೊಂಡಿ) ಎರಡು ಹಾಕಿಕೊಳ್ಳಿ, ಬಿಚ್ಚಿದ್ದನ್ನು ಮತ್ತೆ ಹಾಕಬಾರದು ಎನ್ನುತ್ತದೆ ಶಿಮಾನೊ. ಜೊತೆಗೆ ನಿಮ್ಮ ಫ್ರೇಮಿನದ್ದೇ ಹ್ಯಾಂಗರ್ ಒಂದು. ಮಾದರಿ ನಿಂತುಹೋದ ಫ್ರೇಮಿಗೆ ಅದು ಅಂಗಡಿಯಲ್ಲಿ ಸಿಗುವುದು ಕಷ್ಟ. ಹಳೆಯದನ್ನು ಬಿಚ್ಚಿ, ರಂಧ್ರಗಳ ಅಂತರ ಅಳೆದು, ಫೋಟೊ ಸಮೇತ ತರಿಸಿಕೊಂಡು, ಒಮ್ಮೆ ಕೂರಿಸಿ ನೋಡಿದ ಮೇಲೆಯೇ ರೇಸಿಗೆ ಹೆಸರು ಕೊಡಿ.